ಕತಾರ್ ದೇಶದಲ್ಲಿ ಉದ್ಯೋಗದಾತರ ಬದಲಾವಣೆ: ಕಾರ್ಮಿಕರು ಅನುಸರಿಸಬೇಕಾದ ಕ್ರಮ

ಕೊಲ್ಲಿ ರಾಷ್ಟ್ರಗಳಲ್ಲಿ ವಿದೇಶಿ ಕಾರ್ಮಿಕರಿಗೆ ಸಾಮಾನ್ಯವಾಗಿ ಒಬ್ಬ ನಿರ್ದಿಷ್ಟ ಉದ್ಯೋಗದಾತರ ಹೆಸರಿಗೆ ಸೀಮಿತವಾದ ಕೆಲಸದ ಪರವಾನಗಿ ನೀಡಲಾಗುತ್ತದೆ. ವಾಸದ ಪರವಾನಗಿಯೂ ಅದೇ ಉದ್ಯೋಗದಾತರ ಪ್ರಾಯೋಜಕತ್ವದಲ್ಲಿರುತ್ತದೆ. ಆದುದರಿಂದ ಉದ್ಯೋಗ ಬದಲಾವಣೆಯು ಕೇವಲ ರಾಜೀನಾಮೆಯಿಂದ ಪೂರ್ಣಗೊಳ್ಳುವುದಿಲ್ಲ. ಕರ್ನಾಟಕದ ಕರಾವಳಿ ಜಿಲ್ಲೆಗಳೂ ಸೇರಿದಂತೆ ರಾಜ್ಯದ ಹಲವು ಭಾಗಗಳಿಂದ ಕತಾರ್ ದೇಶಕ್ಕೆ ಉದ್ಯೋಗಕ್ಕಾಗಿ ತೆರಳುವವರ ಹಾಗೂ ಅವರ ಕುಟುಂಬದವರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಕಾನೂನಿನ ಹಿನ್ನೆಲೆ

ಹಿಂದಿನ ನಿಯಮದಂತೆ, ಒಪ್ಪಂದದ ಅವಧಿ ಮುಗಿಯುವ ಮೊದಲು ಬೇರೆ ಉದ್ಯೋಗಕ್ಕೆ ಸೇರಲು ಹಾಲಿ ಉದ್ಯೋಗದಾತರಿಂದ ಎನ್.ಓ.ಸಿ. ಎಂದು ಕರೆಯಲಾಗುವ ನಿರಾಕ್ಷೇಪಣಾ ಪತ್ರ ಪಡೆಯುವುದು ಕಡ್ಡಾಯವಾಗಿತ್ತು. 2020ರ ಆಗಸ್ಟ್ ತಿಂಗಳಿನಲ್ಲಿ ಹೊರಡಿಸಲಾದ 2020ರ 18 ಮತ್ತು 19ನೇ ಸಂಖ್ಯೆಯ ಕಾನೂನುಗಳ ಮೂಲಕ ಈ ಷರತ್ತನ್ನು ರದ್ದುಪಡಿಸಲಾಗಿದೆ. ಮನೆಗೆಲಸದವರಿಗೂ ಈ ಅನುಕೂಲ ಅನ್ವಯಿಸುತ್ತದೆ.

ಆದರೆ ನಿರಾಕ್ಷೇಪಣಾ ಪತ್ರ ಬೇಕಿಲ್ಲವೆಂದರೆ ನೋಟಿಸ್ ಬೇಕಿಲ್ಲವೆಂದು ಅರ್ಥವಲ್ಲ. ಈ ವ್ಯತ್ಯಾಸವನ್ನು ತಿಳಿಯದೆ ಕೆಲಸ ಬಿಟ್ಟವರು ಕಾನೂನಿನ ದೃಷ್ಟಿಯಲ್ಲಿ ತಲೆಮರೆಸಿಕೊಂಡವರೆಂದು ಪರಿಗಣಿತರಾಗುವ ಅಪಾಯವಿರುತ್ತದೆ.

ನೋಟಿಸ್ ಅವಧಿ

ಅ) ಸೇವಾವಧಿ ಎರಡು ವರ್ಷ ಅಥವಾ ಅದಕ್ಕಿಂತ ಕಡಿಮೆ ಇದ್ದಲ್ಲಿ: ಕನಿಷ್ಠ ಒಂದು ತಿಂಗಳು.
ಆ) ಸೇವಾವಧಿ ಎರಡು ವರ್ಷ ಮೀರಿದ್ದಲ್ಲಿ: ಕನಿಷ್ಠ ಎರಡು ತಿಂಗಳು.
ಇ) ಪರೀಕ್ಷಾರ್ಥ ಅವಧಿಯಲ್ಲಿದ್ದಲ್ಲಿ: ಕನಿಷ್ಠ ಒಂದು ತಿಂಗಳು. ಈ ಸಂದರ್ಭದಲ್ಲಿ ಹಳೆಯ ಉದ್ಯೋಗದಾತರು ಮಾಡಿದ ನೇಮಕಾತಿ ಹಾಗೂ ವಿಮಾನ ಟಿಕೆಟ್ ವೆಚ್ಚವನ್ನು ಹೊಸ ಉದ್ಯೋಗದಾತರು ಭರಿಸಬೇಕು. ಇದು ಕಾರ್ಮಿಕರ ಎರಡು ತಿಂಗಳ ಮೂಲ ವೇತನವನ್ನು ಮೀರುವಂತಿಲ್ಲ.

ಅನುಸರಿಸಬೇಕಾದ ಕ್ರಮ

1. ಹೊಸ ಉದ್ಯೋಗದಾತರಿಂದ ಉದ್ಯೋಗದ ಪ್ರಸ್ತಾವವನ್ನು ಲಿಖಿತವಾಗಿ ಪಡೆಯತಕ್ಕದ್ದು. ಹುದ್ದೆ, ಮೂಲ ವೇತನ, ವಸತಿ ಮತ್ತು ಆಹಾರದ ವ್ಯವಸ್ಥೆಯನ್ನು ಅದರಲ್ಲಿ ಸ್ಪಷ್ಟವಾಗಿ ನಮೂದಿಸಿರಬೇಕು.
2. ಕತಾರ್ ಕಾರ್ಮಿಕ ಸಚಿವಾಲಯದ ವಿದ್ಯುನ್ಮಾನ ವ್ಯವಸ್ಥೆಯ ಮೂಲಕ, ಅಗತ್ಯ ದಾಖಲೆಗಳೊಂದಿಗೆ, ಉದ್ಯೋಗದಾತರ ಬದಲಾವಣೆಯ ಸೂಚನೆ ಸಲ್ಲಿಸತಕ್ಕದ್ದು. ಮೌಖಿಕ ಸೂಚನೆಯನ್ನಾಗಲಿ ಮೊಬೈಲ್ ಸಂದೇಶವನ್ನಾಗಲಿ ನೆಚ್ಚಿಕೊಳ್ಳಬಾರದು.
3. ಸಚಿವಾಲಯದ ಮಾಹಿತಿಯು ಎಸ್.ಎಂ.ಎಸ್. ಮೂಲಕ ಬರುವುದರಿಂದ ಮೊಬೈಲ್ ಸಂಖ್ಯೆಯು ಕಾರ್ಮಿಕರ ಸ್ವಂತ ಹೆಸರಿನಲ್ಲಿರುವುದು ಅಗತ್ಯ.
4. ನೋಟಿಸ್ ಅವಧಿ ಪೂರ್ಣಗೊಳ್ಳುವವರೆಗೆ ಹಾಲಿ ಉದ್ಯೋಗದಾತರಲ್ಲಿಯೇ ಕೆಲಸ ಮುಂದುವರಿಸತಕ್ಕದ್ದು.
5. ಹೊಸ ಒಪ್ಪಂದಕ್ಕೆ ಸಹಿ ಮಾಡಿ, ಸಚಿವಾಲಯದ ದೃಢೀಕರಣವಾಗಿ, ವಾಸದ ಪರವಾನಗಿಯು ಹೊಸ ಉದ್ಯೋಗದಾತರ ಹೆಸರಿಗೆ ವರ್ಗಾವಣೆಯಾದ ನಂತರವೇ ಹೊಸ ಕೆಲಸಕ್ಕೆ ಹಾಜರಾಗತಕ್ಕದ್ದು.

ಎರಡನೆಯ ಹಂತಕ್ಕೆ ಮೊದಲೇ ಹಳೆಯ ಕೆಲಸ ಬಿಡುವುದು ಹಾಗೂ ಐದನೆಯ ಹಂತಕ್ಕೆ ಮೊದಲೇ ಹೊಸ ಕೆಲಸ ಆರಂಭಿಸುವುದು, ಇವೆರಡೂ ಸಾಮಾನ್ಯವಾಗಿ ಕಾರ್ಮಿಕರನ್ನು ತೊಂದರೆಗೆ ಈಡುಮಾಡುವ ತಪ್ಪುಗಳು. ಕಾರ್ಮಿಕರು ಕೆಲಸ ತೊರೆದಿದ್ದಾರೆಂದು ಉದ್ಯೋಗದಾತರು ದೂರು ನೀಡಿದಲ್ಲಿ ಬಂಧನ ಮತ್ತು ಗಡೀಪಾರಿನವರೆಗೆ ಪರಿಣಾಮವಾಗಬಹುದು. ಆ ಸಂದರ್ಭದಲ್ಲಿ ನೋಟಿಸ್ ಸಲ್ಲಿಸಿದ ದಿನಾಂಕದ ದಾಖಲೆಯೇ ಕಾರ್ಮಿಕರಿಗೆ ಮುಖ್ಯ ಆಧಾರವಾಗುತ್ತದೆ.

ಲೆಕ್ಕದ ಉದಾಹರಣೆ

ಮೂರು ವರ್ಷ ಸೇವೆ ಸಲ್ಲಿಸಿದ ಒಬ್ಬ ಎಲೆಕ್ಟ್ರಿಷಿಯನ್‌ರ ಮೂಲ ವೇತನ ತಿಂಗಳಿಗೆ 1,500 ರಿಯಾಲ್ ಎಂದು ಭಾವಿಸೋಣ. ಇವರ ನೋಟಿಸ್ ಅವಧಿ ಎರಡು ತಿಂಗಳು. ನೋಟಿಸ್ ನೀಡದೆ ಕೆಲಸ ಬಿಟ್ಟಲ್ಲಿ ಆ ಅವಧಿಯ ಮೂಲ ವೇತನವಾದ 3,000 ರಿಯಾಲ್‌ಗಳನ್ನು ಉದ್ಯೋಗದಾತರಿಗೆ ಪರಿಹಾರವಾಗಿ ನೀಡಬೇಕಾಗುತ್ತದೆ. ಮತ್ತೊಂದೆಡೆ, ಕಾರ್ಮಿಕ ಕಾನೂನಿನಂತೆ ಒಂದು ವರ್ಷ ಪೂರೈಸಿದವರಿಗೆ ಪ್ರತಿ ವರ್ಷದ ಸೇವೆಗೆ ಕನಿಷ್ಠ ಮೂರು ವಾರಗಳ ಮೂಲ ವೇತನವು ಸೇವಾಂತ್ಯದ ಗ್ರಾಚ್ಯುಟಿಯಾಗಿ ದೊರೆಯಬೇಕು. ತಿಂಗಳಿಗೆ 30 ದಿನಗಳಂತೆ ಲೆಕ್ಕ ಹಾಕಿದಲ್ಲಿ ಮೂರು ವರ್ಷಗಳಿಗೆ ಇದು 3,150 ರಿಯಾಲ್ ಆಗುತ್ತದೆ. ಅಂದರೆ ನೋಟಿಸ್ ತಪ್ಪಿಸುವುದರಿಂದ ಮೂರು ವರ್ಷಗಳ ಗ್ರಾಚ್ಯುಟಿಯಷ್ಟೇ ಮೊತ್ತ ಬಹುತೇಕ ಕೈತಪ್ಪಿದಂತಾಗುತ್ತದೆ.

ನೋಟಿಸ್ ಇಲ್ಲದೆ ಕೆಲಸ ಬಿಡಬಹುದಾದ ಸಂದರ್ಭಗಳು

ಉದ್ಯೋಗದಾತರು ಒಪ್ಪಂದದ ಅಥವಾ ಕಾನೂನಿನ ಬಾಧ್ಯತೆಗಳನ್ನು ಉಲ್ಲಂಘಿಸಿದಲ್ಲಿ, ದೈಹಿಕ ಹಲ್ಲೆ ನಡೆಸಿದಲ್ಲಿ, ಕೆಲಸದ ಷರತ್ತುಗಳ ಬಗ್ಗೆ ವಂಚಿಸಿದಲ್ಲಿ ಅಥವಾ ಕೆಲಸವು ಜೀವಕ್ಕೂ ಆರೋಗ್ಯಕ್ಕೂ ಅಪಾಯಕಾರಿಯಾಗಿದ್ದಲ್ಲಿ, ಕಾರ್ಮಿಕ ಕಾನೂನಿನ 51ನೇ ವಿಧಿಯ ಪ್ರಕಾರ ಒಪ್ಪಂದವನ್ನು ಕೊನೆಗೊಳಿಸಲು ಅವಕಾಶವಿದೆ. ಇಂತಹ ಸಂದರ್ಭದಲ್ಲಿಯೂ ಮೊದಲು ಕಾರ್ಮಿಕ ಸಚಿವಾಲಯಕ್ಕೆ ದೂರು ಸಲ್ಲಿಸಿ ಅದರ ಪ್ರತಿಯನ್ನು ಇಟ್ಟುಕೊಳ್ಳುವುದು ಸೂಕ್ತ. ಮನೆಗೆಲಸದವರಿಗೆ 2017ರ 15ನೇ ಸಂಖ್ಯೆಯ ಪ್ರತ್ಯೇಕ ಕಾನೂನು ಅನ್ವಯಿಸುತ್ತದೆ.

ವಿಶೇಷ ಸೂಚನೆಗಳು

* ಪಾಸ್‌ಪೋರ್ಟ್ ಕಾರ್ಮಿಕರ ಬಳಿಯೇ ಇರತಕ್ಕದ್ದು. ವಾಸದ ಪರವಾನಗಿಯ ಕಾರ್ಯ ಮುಗಿದ ನಂತರ ಅದನ್ನು ಉದ್ಯೋಗದಾತರು ಹಿಂದಿರುಗಿಸಬೇಕು. ಕಾರ್ಮಿಕರೇ ಲಿಖಿತವಾಗಿ ಕೋರದ ಹೊರತು ಅದನ್ನು ತಡೆಹಿಡಿಯುವುದು ಅಪರಾಧ.
* ನಿರಾಕ್ಷೇಪಣಾ ಪತ್ರ ಕೊಡಿಸುವುದಾಗಿ ಹೇಳಿ ಹಣ ಕೇಳುವ ಮಧ್ಯವರ್ತಿಗಳನ್ನು ನಂಬಬಾರದು. ಕಾನೂನಿನಲ್ಲಿ ಅಗತ್ಯವೇ ಇಲ್ಲದ ಪತ್ರಕ್ಕೆ ಹಣ ತೆರಬೇಕಾಗಿಲ್ಲ.
* ವಲಸೆ ಅನುಮತಿಯ ಸಮಯದಲ್ಲಿ ಪಡೆದ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆಯು ಉದ್ಯೋಗದಾತರು ಬದಲಾದರೂ ಅದರ ಅವಧಿ ಮುಗಿಯುವವರೆಗೆ ಅನ್ವಯಿಸುತ್ತದೆ. ಪಾಲಿಸಿಯ ಪ್ರತಿಯನ್ನು ಊರಿನಲ್ಲಿರುವ ಕುಟುಂಬದವರಲ್ಲಿಯೂ ಇಡತಕ್ಕದ್ದು.
* ವೇತನ ಬಾಕಿ, ಪಾಸ್‌ಪೋರ್ಟ್ ತಡೆ ಮುಂತಾದ ದೂರುಗಳನ್ನು ದೋಹಾದಲ್ಲಿರುವ ಭಾರತೀಯ ರಾಯಭಾರ ಕಚೇರಿಗೆ ಅಥವಾ ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್ ಮೂಲಕ ಸಲ್ಲಿಸಬಹುದು. ಕುಟುಂಬದವರೂ ಊರಿನಿಂದಲೇ ದೂರು ದಾಖಲಿಸಲು ಅವಕಾಶವಿದೆ.

ಮೇಲ್ಕಂಡ ನಿಯಮಗಳು ಕತಾರ್ ದೇಶಕ್ಕೆ ಮಾತ್ರ ಸಂಬಂಧಿಸಿದವು. ಇತರ ಕೊಲ್ಲಿ ರಾಷ್ಟ್ರಗಳ ನಿಯಮಗಳು ಭಿನ್ನವಾಗಿರುತ್ತವೆ. ನಿಯಮಗಳು ಕಾಲಕಾಲಕ್ಕೆ ತಿದ್ದುಪಡಿಯಾಗುವುದರಿಂದ, ನೋಟಿಸ್ ಸಲ್ಲಿಸುವ ಮುನ್ನ ಸಂಬಂಧಪಟ್ಟ ಸಚಿವಾಲಯದಲ್ಲಿ ಖಚಿತಪಡಿಸಿಕೊಳ್ಳಲು ಕೋರಲಾಗಿದೆ.