ನೆನೆದ ಗೋಡೆ ಯಾರ ಲೆಕ್ಕಕ್ಕೆ?

ಪ್ರಶ್ನೆ: ಮಳೆಗೆ ಬಾಡಿಗೆ ಮನೆಯ ಗೋಡೆ ನೆನೆದು ಸುಣ್ಣ ಉದುರುತ್ತಿದೆ. ಮಾಲೀಕರು ಅಡ್ವಾನ್ಸಿನಲ್ಲಿ ಮುರಿದುಕೊಳ್ಳುತ್ತೇನೆ ಎನ್ನುತ್ತಾರೆ. ಸರಿಯೇ?

ಉತ್ತರ: ಮೊದಲು ನೀರು ಎಲ್ಲಿಂದ ಬಂತೆಂದು ನೋಡಿ. ತಾರಸಿಯ ಬಿರುಕಿನಿಂದ ಇಳಿದಿದ್ದರೆ ಅದು ನಿಮ್ಮ ತಪ್ಪಲ್ಲ. ನಲ್ಲಿ ತಿರುಗಿಸಿಟ್ಟು ಊರಿಗೆ ಹೋಗಿದ್ದರೆ ನಿಮ್ಮದೇ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮು ಸಹಜ ಸವೆತವನ್ನು ಬಾಡಿಗೆದಾರರ ಹೊಣೆಯಿಂದ ಹೊರಗಿಟ್ಟಿದೆ. ಮಾಲೀಕರು ತಾವು ಮಾಡಿಸಲೇಬೇಕಾದ ರಿಪೇರಿಯನ್ನು, ತಿಳಿಸಿದ ಮೇಲೂ ಸಕಾಲದಲ್ಲಿ ಮಾಡಿಸದಿದ್ದರೆ, ನೀವೇ ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು. ಆದರೆ ಕರಾರುಪತ್ರದಲ್ಲಿ ಬೇರೆ ಮಾತಿದ್ದರೆ ಅದೇ ಮೇಲು. ಓದದೆ ಸಹಿ ಹಾಕುವುದು ನಮ್ಮಲ್ಲಿ ರೂಢಿ, ಬಿಡಿ. ಇವತ್ತೇ ಗೋಡೆಯ ಫೋಟೊ ತೆಗೆದು ಮಾಲೀಕರಿಗೆ ವಾಟ್ಸಾಪಿನಲ್ಲಿ ಕಳಿಸಿಡಿ. ಬಾಯಿಮಾತಿನಲ್ಲಿ ಹೇಳಿದ್ದನ್ನು ಆಮೇಲೆ ಸಾಬೀತು ಮಾಡುವುದು ಕಷ್ಟ.