ತೂತು ದೊಡ್ಡದು, ಧೂಳು ಸಣ್ಣದು, ಆದರೂ ದಾಟದು!

ಬೈಕಿನ ಸೈಡ್ ಪ್ಯಾನೆಲ್ ಕಳಚಿ, ಏರ್ ಫಿಲ್ಟರ್ ಡಬ್ಬಿಯ ಸ್ಕ್ರೂ ಬಿಚ್ಚಿ, ಒಳಗಿನ ಸ್ಪಂಜನ್ನು ತೊಳೆದು ಬಿಸಿಲಿಗೆ ಎತ್ತಿ ಹಿಡಿಯಿರಿ. ಅರೆ, ಆಚೆ ಬದಿಯ ಬೆಳಕು ಚುಕ್ಕಿಚುಕ್ಕಿಯಾಗಿ ಕಾಣುತ್ತಿದೆ! ಇಂಚಿಗೆ 60 ರಂಧ್ರಗಳಿರುವ ನಯವಾದ ಫೋಮ್ ಅಂದುಕೊಂಡರೂ ಒಂದೊಂದು ರಂಧ್ರದ ಅಗಲ ಸುಮಾರು 400 ಮೈಕ್ರಾನ್. ಎಂಜಿನ್ನಿಗೆ ಹೆಚ್ಚು ಕಾಟ ಕೊಡುವ ಧೂಳಿನ ಕಣಗಳೋ, 10ರಿಂದ 20 ಮೈಕ್ರಾನಿನವು. ಇಪ್ಪತ್ತು ಕಣಗಳು ಕೈಕೈ ಹಿಡಿದುಕೊಂಡು ಒಂದೇ ತೂತಿನಲ್ಲಿ ಆರಾಮವಾಗಿ ನುಗ್ಗಬಹುದು. ಹಾಗಿದ್ದೂ ನುಗ್ಗುವುದಿಲ್ಲ. ಅದೇ ಸೋಜಿಗ!

ಈ ಬಡಪಾಯಿ ಸ್ಪಂಜಿನ ಮೇಲಿರುವ ಹೊರೆಯನ್ನು ಒಮ್ಮೆ ಲೆಕ್ಕ ಹಾಕಿ ನೋಡಿ. ಒಂದು ಪಾಲು ಪೆಟ್ರೋಲು ಪೂರ್ತಿ ಉರಿಯಬೇಕಾದರೆ ತೂಕದಲ್ಲಿ 14.7 ಪಾಲು ಗಾಳಿ ಬೇಕು. ಗಾಳಿ ಎಷ್ಟು ಹಗುರ ಅನ್ನುವುದು ನಿಮಗೆ ಗೊತ್ತೇ ಇದೆ. ಹಾಗಾಗಿ ಒಂದು ಲೀಟರ್ ಪೆಟ್ರೋಲಿಗೆ ಹತ್ತಿರಹತ್ತಿರ 9,000 ಲೀಟರ್ ಗಾಳಿ! ಬಂಕಿನಲ್ಲಿ ಪೆಟ್ರೋಲಿಗೆ ಪೈಸೆಪೈಸೆ ಲೆಕ್ಕ ಹಾಕುವ ನಾವು ಈ 9,000 ಲೀಟರಿನ ಕಡೆ ತಿರುಗಿಯೂ ನೋಡುವುದಿಲ್ಲ. ಅದರಲ್ಲಿ ಸಂಡೂರಿನ ಗಣಿ ಲಾರಿಗಳು ಎಬ್ಬಿಸಿದ ಕೆಂಪು ಧೂಳಿರಬಹುದು, ರಾಯಚೂರಿನ ಬೇಸಿಗೆಯ ಮಣ್ಣಿನ ರಸ್ತೆಯದಿರಬಹುದು. ಮಣ್ಣಿನಲ್ಲಿ ಸಾಮಾನ್ಯವಾಗಿರುವ ಬೆಣಚುಕಲ್ಲಿನ ಪುಡಿ ಮೋಸ್ ಗಡಸುತನದ ಮಾಪನದಲ್ಲಿ 7ರಲ್ಲಿದೆ. ಎರಕದ ಕಬ್ಬಿಣದ ಬೋರಿಗಿಂತ ಗಟ್ಟಿ! ಪಿಸ್ಟನ್ನಿಗೂ ಬೋರಿಗೂ ನಡುವಿನ ತೆಳುವಾದ ಎಣ್ಣೆಯ ಪದರಕ್ಕೆ ಅದು ಸೇರಿತೆಂದರೆ ರಿಂಗು ಸವೆಯಿತು, ಬೋರು ಕೆಟ್ಟಿತು, ಸೈಲೆನ್ಸರಿನಲ್ಲಿ ಹೊಗೆ ಬಂತು ಅಂತಲೇ ಲೆಕ್ಕ. ನಮ್ಮ ಹುಡುಗರು ಇಂದಿಗೂ ಜೀವ ಬಿಡುವ ಯಮಾಹಾ ಆರ್‌ಎಕ್ಸ್ 100ರಂಥ ಟೂ ಸ್ಟ್ರೋಕ್ ಗಾಡಿಗಳಲ್ಲಿ ಪರಿಸ್ಥಿತಿ ಇನ್ನೂ ಸೂಕ್ಷ್ಮ. ಅಲ್ಲಿ ಗಾಳಿ ಮೊದಲು ಕ್ರ್ಯಾಂಕ್ ಇರುವ ಕೋಣೆಗೇ ಹೋಗುತ್ತದೆ; ಬೇರಿಂಗುಗಳನ್ನು ಸವರಿಕೊಂಡೇ ಮೇಲೇರುತ್ತದೆ!

ಇಷ್ಟೆಲ್ಲ ತಡೆಯುವ ಈ ಫೋಮ್ ಹುಟ್ಟುವ ಬಗೆಯೇ ಒಂದು ಕೌತುಕ. ಇದು ಪಾಲಿಯುರಿಥೇನ್, 1937ರಲ್ಲಿ ಜರ್ಮನಿಯ ಒಟ್ಟೊ ಬೇಯರ್ ಮತ್ತು ಸಂಗಡಿಗರು ಕಂಡುಹಿಡಿದ ವಸ್ತುವಿನ ವಂಶ. ಸೀಟಿನ ಸ್ಪಂಜಿನಲ್ಲಿ ಗುಳ್ಳೆಗುಳ್ಳೆಗಳ ನಡುವೆ ತೆಳು ಪೊರೆಗಳು ಉಳಿದಿರುತ್ತವೆ. ಫಿಲ್ಟರಿನಲ್ಲಿ ಗಾಳಿ ಸಲೀಸಾಗಿ ಓಡಬೇಕು, ಪೊರೆ ಇರಕೂಡದು. ಕೋಟಿಗಟ್ಟಲೆ ಪೊರೆಗಳನ್ನು ಕಿತ್ತು ತೆಗೆಯುವುದು ಹೇಗೆ? ಸ್ಫೋಟಿಸಿ! ಫೋಮಿನ ದೊಡ್ಡ ದಿಮ್ಮಿಯನ್ನು ಉಕ್ಕಿನ ಕೋಣೆಯಲ್ಲಿಟ್ಟು, ಒಳಗಿನ ಗಾಳಿಯನ್ನು ಹೀರಿ, ಹೈಡ್ರೋಜನ್ ಮತ್ತು ಆಮ್ಲಜನಕ ತುಂಬಿ ಕಿಡಿ ಹಾರಿಸುತ್ತಾರೆ. ಜ್ವಾಲೆ ಕಣ್ಣು ಮಿಟುಕಿಸುವಷ್ಟರಲ್ಲಿ ಗುಳ್ಳೆಯಿಂದ ಗುಳ್ಳೆಗೆ ಹಾಯ್ದು ಪೊರೆಗಳನ್ನೆಲ್ಲ ಕರಗಿಸಿಬಿಡುತ್ತದೆ, ಎಳೆಗಳನ್ನು ಮಾತ್ರ ಉಳಿಸುತ್ತದೆ. ಹೀಗೆ ಉಳಿದ ಹಂದರದ ಗಾತ್ರದಲ್ಲಿ ನೂರಕ್ಕೆ 97ರಷ್ಟು ಬರೀ ಖಾಲಿ!

ಖಾಲಿ ಜಾಗ ಧೂಳು ಹಿಡಿಯುವುದಾದರೂ ಹೇಗೆ? ಎಳೆಗಳ ನಡುವೆ ಗಾಳಿ ಹೆಜ್ಜೆಹೆಜ್ಜೆಗೂ ತಿರುವು ತೆಗೆದುಕೊಳ್ಳಬೇಕು. ಗಾಳಿ ಹಗುರ, ತಿರುಗುತ್ತದೆ. ಧೂಳು ಭಾರ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಬಸ್ಸು ತಿರುಗಿದರೂ ಒಳಗೆ ನಿಂತವನು ನೇರಕ್ಕೇ ವಾಲುವಂತೆ, ಕಣ ನೇರ ಹೋಗಿ ಎಳೆಗೆ ಬಡಿಯುತ್ತದೆ. ಎಳೆ ಒಣಗಿದ್ದರೆ ಪುಟಿದು ಮುಂದೆ ಸಾಗುತ್ತದೆ. ಎಣ್ಣೆ ಇದ್ದರೆ? ಅಂಟಿತು, ಅಲ್ಲಿಗೆ ಅದರ ಪಯಣ ಮುಗಿಯಿತು! ಬೆರಗು ಇಲ್ಲಿಗೇ ನಿಲ್ಲುವುದಿಲ್ಲ. ಅಂಟಿದ ಕಣದ ಮೇಲೂ ಎಣ್ಣೆ ತಾನಾಗಿ ಹತ್ತಿ ಅದನ್ನು ತೋಯಿಸುತ್ತದೆ. ಸೆರೆಸಿಕ್ಕ ಧೂಳು ಮುಂದೆ ಬರುವ ಧೂಳಿಗೆ ತಾನೇ ಬಲೆಯಾಗುತ್ತದೆ! ನಿಜವಾದ ಫಿಲ್ಟರ್ ಎಣ್ಣೆಯೇ. ಅದು ಕೂರಲು ಒಂದು ಹಂದರ ಬೇಕಿತ್ತು, ಅಷ್ಟೆ.

ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಮುಗಿಸಿ ಬಂದ ಡಕಾರ್ ರ‍್ಯಾಲಿಯಂಥ ಕಡೆ, ದಿನವಿಡೀ ಮರಳು ದಿಬ್ಬ ಹಾಯುವ ಬೈಕುಗಳು ನೆಚ್ಚಿಕೊಂಡಿರುವುದೂ ಎಣ್ಣೆ ಸವರಿದ ಈ ಫೋಮನ್ನೇ. ಬೈಕಿನಲ್ಲಿ ಆ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ ಅವರು.

ತೊಳೆಯುವಾಗಲೂ ಕಣ್ಣಿಗೆ ಹಬ್ಬ. ಸ್ಪಂಜು ತೆಗೆದ ಕೂಡಲೇ ಕಾರ್ಬುರೇಟರಿಗೆ ಹೋಗುವ ಬಾಯಿಗೆ ಶುಭ್ರ ಬಟ್ಟೆ ತುರುಕಿ. ಸ್ಪಂಜನ್ನು ಬಟ್ಟಲಲ್ಲಿ ಸೀಮೆಎಣ್ಣೆಗೆ ಅದ್ದಿ ಅಂಗೈಗಳ ನಡುವೆ ಒತ್ತಿದರೆ ಕಂದುಬಣ್ಣದ ರಾಡಿ ಬುಳಬುಳನೆ ಇಳಿಯುತ್ತದೆ. ಬಟ್ಟಲ ತಳದಲ್ಲಿ ಬೆರಳಾಡಿಸಿದರೆ ಮರಳು ಗರಗರ ಅನ್ನುತ್ತದೆ. ಅದೆಲ್ಲ ಎಂಜಿನ್ನಿಗೆ ಹೋಗಬೇಕಿದ್ದದ್ದು! ಒತ್ತಬೇಕು, ಬಟ್ಟೆಯಂತೆ ಹಿಂಡಿದರೆ ಎಳೆ ಹರಿಯುತ್ತದೆ. ಪೆಟ್ರೋಲಿನಲ್ಲಿ ಮಾತ್ರ ತೊಳೆಯಬೇಡಿ: ಬೆಂಕಿಯ ಭಯ, ಜೊತೆಗೆ ಅಂಟಿಸಿದ ಜಾಗ ಬಿಟ್ಟುಕೊಳ್ಳುತ್ತದೆ. ಆಮೇಲೆ ಸೋಪಿನ ನೀರು, ಒಳ್ಳೆ ನೀರು, ನೆರಳಲ್ಲಿ ಪೂರ್ತಿ ಒಣಗಿಸುವುದು. ಮುಟ್ಟಿದರೆ ಪುಡಿಪುಡಿ ಉದುರುವ ಹಳೇ ಸ್ಪಂಜಾದರೆ ಬದಲಿಸಿಬಿಡಿ.

ಈಗ ಎಣ್ಣೆ. ಫೋಮ್ ಫಿಲ್ಟರಿಗೆಂದೇ ಬರುವ ಎಣ್ಣೆಗೆ ನೀಲಿಯೋ ಕೆಂಪೋ ಬಣ್ಣ ಹಾಕಿರುತ್ತಾರೆ. ಒತ್ತುತ್ತಾ ಹೋದಂತೆ ಬಣ್ಣ ಎಳೆಯಿಂದ ಎಳೆಗೆ ಹಬ್ಬುತ್ತದೆ. ಪೇಲವವಾಗಿ ಉಳಿದ ಜಾಗಕ್ಕೆ ಎಣ್ಣೆ ತಲುಪಿಲ್ಲ ಅಂತ ಕಣ್ಣಿಗೇ ಗೊತ್ತಾಗುತ್ತದೆ! ಅದರಲ್ಲಿ ಬೆರೆತ ದ್ರಾವಕ ಆರಿಹೋದ ಮೇಲೆ ಉಳಿಯುವುದು ಬೆರಳಿಗೆ ಜಿಗುಟಾಗುವ ಪದರ. ಬರೀ ಎಂಜಿನ್ ಆಯಿಲ್ ಹಾಕಿದರೆ ಅದು ನಿಧಾನವಾಗಿ ತಳಕ್ಕೆ ಇಳಿಯುತ್ತದೆ, ಮೇಲ್ಭಾಗ ಒಣಗುತ್ತದೆ. ಅತಿಯಾದರೂ ಕಷ್ಟ: ಗಾಡಿಗೆ ಉಸಿರು ಕಟ್ಟಿ ಪಿಕಪ್ ಸಾಯುತ್ತದೆ. ತೊಟ್ಟಿಕ್ಕದಂತೆ ಒತ್ತಿ ತೆಗೆದು, ಅಂಚಿಗೆ ಚೂರು ಗ್ರೀಸ್ ಸವರಿ ಕೂರಿಸಿದರೆ ಸಂದಿಯಲ್ಲೂ ಧೂಳು ನುಸುಳದು.

ಒಂದು ಎಚ್ಚರಿಕೆ: ಇತ್ತೀಚಿನ ಎಷ್ಟೋ ಬೈಕುಗಳಲ್ಲಿ ಇರುವುದು ಕಾಗದದ ಫಿಲ್ಟರ್. ಅದನ್ನು ತೊಳೆಯುವಂತಿಲ್ಲ, ಎಣ್ಣೆ ಹಾಕುವಂತಿಲ್ಲ, ಬದಲಿಸಬೇಕು. ನಿಮ್ಮದು ಸ್ಪಂಜಿನದೇ ಆಗಿದ್ದು, ಸರ್ವಿಸ್ ಮುಗಿಸಿದ ಮೆಕ್ಯಾನಿಕ್ “ಸ್ಪಂಜಿಗೆ ಏರ್ ಹೊಡೆದು ಹಾಕಿದ್ದೀನಿ ಸಾರ್” ಅಂದರೆ ಕೀ ಇಸಿದುಕೊಳ್ಳುವ ಮೊದಲು ಕೇಳಿ: “ಎಣ್ಣೆ ಹಾಕಿದ್ರಾ?” ಹಾಕಿಲ್ಲವಾದರೆ ಆ ಡಬ್ಬಿಯಲ್ಲಿ ಸ್ಪಂಜಿದೆ, ಫಿಲ್ಟರ್ ಇಲ್ಲ!