ದುಡ್ಡು ಹೋಗುವ ದಾರಿ

ಸಂಜೆ ದೀಪ ಹಚ್ಚಿದ ಮೇಲೆ ನಮ್ಮ ಮನೆಯಲ್ಲಿ ಪ್ರಶ್ನೋತ್ತರ ಶುರುವಾಗುತ್ತದೆ. ಮೊಮ್ಮಗಳು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾಳೆ. ಪ್ರಚಲಿತ ವಿದ್ಯಮಾನಗಳ ನೋಟ್‌ಬುಕ್ಕನ್ನು ನನ್ನ ಕೈಗೆ ಕೊಟ್ಟು ಎದುರಿಗೆ ಕಾಲು ಮಡಚಿ ಕೂರುತ್ತಾಳೆ. ನಾನು ಕೇಳಬೇಕು, ಅವಳು ಹೇಳಬೇಕು.

"ಯುಪಿಐ?"

"2016, ಏಪ್ರಿಲ್ 11. ಆಗ ರಿಸರ್ವ್ ಬ್ಯಾಂಕ್ ಗವರ್ನರ್ ರಘುರಾಂ ರಾಜನ್."

"ಎನ್‌ಪಿಸಿಐ?"

"2008. ರಿಸರ್ವ್ ಬ್ಯಾಂಕ್ ಮತ್ತು ಭಾರತೀಯ ಬ್ಯಾಂಕುಗಳ ಸಂಘ ಸೇರಿ ಕಟ್ಟಿದ್ದು."

"ಡಿಜಿಟಲ್ ಇಂಡಿಯಾ?"

"2015, ಜುಲೈ 1."

ಪಟಪಟನೆ ಹೇಳುತ್ತಾಳೆ, ಒಂದೂ ತಪ್ಪಿಲ್ಲ. ಆದರೂ ಕಳೆದ ಸಲ ಪೂರ್ವಭಾವಿ ಪರೀಕ್ಷೆ ದಾಟಿ ಮುಖ್ಯ ಪರೀಕ್ಷೆಯಲ್ಲಿ ಸ್ವಲ್ಪದರಲ್ಲೇ ತಪ್ಪಿಹೋಯಿತು. ಈ ಸಲವೂ ಆಗದಿದ್ದರೆ ಬೆಂಗಳೂರಿಗೆ ಹೋಗಿ ಯಾವುದಾದರೂ ಕಂಪನಿ ಸೇರಿಬಿಡುತ್ತೇನೆ ಎಂದು ಅವಳ ಅಮ್ಮನ ಹತ್ತಿರ ಹೇಳಿದ್ದು ನನ್ನ ಕಿವಿಗೂ ಬಿದ್ದಿದೆ. ನನಗೆ ಕೇಳಿಸಲಿ ಅಂತಲೇ ಹೇಳಿದಳೋ ಏನೋ.

ಒಂದು ದಿನ ನೋಟ್‌ಬುಕ್ ಮುಚ್ಚಿಟ್ಟು ಕೇಳಿದೆ: "ಮರಿ, ಬೆಳಿಗ್ಗೆ ಹಾಲಿನವರ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿ ದುಡ್ಡು ಕೊಟ್ಟೆಯಲ್ಲ, ಅದು ಯಾವ ದಾರಿಯಲ್ಲಿ ಹೋಯಿತು?"

"ಸರ್ವರ್‌ನಲ್ಲಿ ಹೋಯ್ತು ತಾತ."

"ಯಾರ ಸರ್ವರ್?"

ಸುಮ್ಮನಾದಳು. ಯುಪಿಐ ಹುಟ್ಟಿದ ದಿನ ಗೊತ್ತು, ಅದು ಮಾಡುವ ಕೆಲಸ ಗೊತ್ತಿಲ್ಲ. ಅವಳನ್ನೊಬ್ಬಳನ್ನೇ ದೂರಿ ಪ್ರಯೋಜನವಿಲ್ಲ. ಮಾರುಕಟ್ಟೆಯಲ್ಲಿ ಸಿಗುವ ಪುಸ್ತಕಗಳೆಲ್ಲ ಇಸವಿಗಳ ಸಂತೆ.

ನಾನು 1974ರಲ್ಲಿ ಗುಮಾಸ್ತನಾಗಿ ಬ್ಯಾಂಕ್ ಸೇರಿದವನು. ಬಿ.ಕಾಂ. ಮುಗಿಸಿ ಕೂತಿದ್ದೆ, ಕೆಲಸ ಸಿಕ್ಕಿತು, ಮೂವತ್ತೇಳು ವರ್ಷ ಅಲ್ಲೇ ಸವೆದೆ. ಅದರಲ್ಲಿ ನಾಲ್ಕು ವರ್ಷ ಕ್ಲಿಯರಿಂಗ್ ಸೀಟು. ಬೆಳಿಗ್ಗೆ ನಮ್ಮ ಶಾಖೆಗೆ ಬಂದ ಬೇರೆ ಬ್ಯಾಂಕುಗಳ ಚೆಕ್ಕುಗಳನ್ನೆಲ್ಲ ಬ್ಯಾಂಕ್‌ವಾರು ಕಟ್ಟು ಮಾಡಿ, ಚೀಟಿ ಬರೆದು, ಬಟ್ಟೆ ಚೀಲಕ್ಕೆ ತುಂಬಿ ಸೈಕಲ್ಲಿಗೆ ನೇತು ಹಾಕಿಕೊಂಡು ಹೊರಡುತ್ತಿದ್ದೆ. ಊರಿನ ದೊಡ್ಡ ಬ್ಯಾಂಕಿನ ಮಹಡಿಯಲ್ಲಿ ಒಂದು ಉದ್ದನೆಯ ಮೇಜು. ಎಲ್ಲ ಬ್ಯಾಂಕುಗಳ ಗುಮಾಸ್ತರೂ ಅದರ ಸುತ್ತ ಕೂರುತ್ತಿದ್ದೆವು. ನಿನ್ನ ಕಟ್ಟು ನನಗೆ, ನನ್ನ ಕಟ್ಟು ನಿನಗೆ. ಆಮೇಲೆ ಕೂಡಿಸುವುದು. ನಮ್ಮ ಬ್ಯಾಂಕು ಉಳಿದವರಿಗೆ ಒಟ್ಟು ಮೂರು ಲಕ್ಷ ಕೊಡಬೇಕು, ಅವರಿಂದ ಎರಡು ಲಕ್ಷ ಎಂಬತ್ತು ಸಾವಿರ ಬರಬೇಕು ಎಂದಿಟ್ಟುಕೊಳ್ಳಿ. ಮೂರು ಲಕ್ಷವನ್ನು ಯಾರೂ ಹೊತ್ತು ತರುವುದಿಲ್ಲ. ವ್ಯತ್ಯಾಸದ ಇಪ್ಪತ್ತು ಸಾವಿರಕ್ಕೆ ಮಾತ್ರ ಖಾತೆಯಲ್ಲಿ ಖರ್ಚು ಬೀಳುತ್ತದೆ. ಲೆಕ್ಕ ಹತ್ತು ಪೈಸೆ ತಪ್ಪಿದರೂ ಯಾರೊಬ್ಬರೂ ಮೇಜು ಬಿಟ್ಟು ಏಳುವ ಹಾಗಿರಲಿಲ್ಲ. ಒಮ್ಮೆ ಒಂಬತ್ತು ರೂಪಾಯಿಗೆ ಮಧ್ಯಾಹ್ನದ ಊಟ ತಪ್ಪಿತ್ತು. ಯಾರೋ 54ನ್ನು 45 ಎಂದು ಬರೆದಿದ್ದರು. ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಅಂಕಿ ಹಿಂದುಮುಂದಾಗಿದೆಯೇ ಎಂದು ಮೊದಲು ನೋಡಬೇಕು. ಇದನ್ನು ಪರೀಕ್ಷೆಗೆ ಕೂರುವ ಮಕ್ಕಳು ನೆನಪಿಟ್ಟುಕೊಂಡರೆ ನಷ್ಟವಿಲ್ಲ.

ಇದನ್ನೆಲ್ಲ ಹೇಳಿ ಮೊಮ್ಮಗಳ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಆ ಮೇಜಿನ ಚಿತ್ರ ಬರೆದೆ. "ಈಗ ಈ ಮೇಜಿನ ಜಾಗದಲ್ಲಿ ಎನ್‌ಪಿಸಿಐ ಇದೆ ಅಂದುಕೋ" ಎಂದೆ.

ಅಂಗಡಿಯ ಗೋಡೆಗೆ ಅಂಟಿಸಿದ ಚೌಕದಲ್ಲಿರುವುದು ಹಾಲಿನವರ ಯುಪಿಐ ವಿಳಾಸ. ನಿನ್ನ ಫೋನು ಅದನ್ನು ಓದಿ ಎನ್‌ಪಿಸಿಐಗೆ ಮುಟ್ಟಿಸುತ್ತದೆ. ಆ ವಿಳಾಸ ಯಾವ ಬ್ಯಾಂಕಿನ ಯಾವ ಖಾತೆಯದೆಂದು ಎನ್‌ಪಿಸಿಐ ವಿಚಾರಿಸಿಕೊಳ್ಳುತ್ತದೆ. ಆಮೇಲೆ ನಿನ್ನ ಬ್ಯಾಂಕಿಗೆ ಹೇಳುತ್ತದೆ, ಇವಳ ಖಾತೆಯಿಂದ ಇಷ್ಟು ತೆಗೆಯಿರಿ ಎಂದು. ನೀನು ಒತ್ತಿದ ಪಿನ್ ಸರಿಯೋ ಎಂದು ನಿನ್ನ ಬ್ಯಾಂಕು ನೋಡಿ ಖರ್ಚು ಹಾಕುತ್ತದೆ. ನಂತರ ಹಾಲಿನವರ ಬ್ಯಾಂಕಿಗೆ, ಜಮಾ ಮಾಡಿರಿ ಎಂಬ ಸೂಚನೆ. ಇಷ್ಟಾದ ಮೇಲೆ ಅಂಗಡಿಯ ಪೆಟ್ಟಿಗೆ ಕೂಗುತ್ತದೆ. ಆದರೆ ಬ್ಯಾಂಕು ಬ್ಯಾಂಕುಗಳ ನಡುವಿನ ಲೆಕ್ಕ ಆ ಕ್ಷಣಕ್ಕೆ ತೀರಿರುವುದಿಲ್ಲ. ದಿನಕ್ಕೆ ಹಲವು ಸಲ ಎಲ್ಲವನ್ನೂ ಕೂಡಿ ಕಳೆದು, ವ್ಯತ್ಯಾಸವನ್ನು ಮಾತ್ರ ರಿಸರ್ವ್ ಬ್ಯಾಂಕಿನಲ್ಲಿರುವ ಖಾತೆಗಳಲ್ಲಿ ತೀರಿಸುತ್ತಾರೆ.

"ಅಂದ್ರೆ ನಿಮ್ಮ ಇಪ್ಪತ್ತು ಸಾವಿರ!" ಎಂದಳು. ನನಗೆ ಆ ಸಂಜೆ ಎರಡು ಹೋಳಿಗೆ ಹೆಚ್ಚು ತಿಂದಷ್ಟು ತೃಪ್ತಿಯಾಯಿತು.

ದಾರಿ ತಿಳಿದ ಮೇಲೆ ಅಂಕಿಗಳು ತಾವಾಗಿ ಬಂದು ಕೂರುತ್ತವೆ. ಖರ್ಚು ಬಿದ್ದು ಜಮಾ ಆಗದೆ ದುಡ್ಡು ನಡುದಾರಿಯಲ್ಲಿ ನಿಂತರೆ? ರಿಸರ್ವ್ ಬ್ಯಾಂಕು 2019ರಲ್ಲೇ ನಿಯಮ ಮಾಡಿದೆ. ವ್ಯಕ್ತಿಗೆ ಕಳಿಸಿದ್ದಾದರೆ ಮಾರನೆಯ ದಿನದೊಳಗೆ, ಅಂಗಡಿಗಾದರೆ ಐದು ದಿನದೊಳಗೆ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. 2025ರ ಆಗಸ್ಟ್ ಒಂದೇ ತಿಂಗಳಲ್ಲಿ ಯುಪಿಐ ವಹಿವಾಟುಗಳ ಸಂಖ್ಯೆ 2,000 ಕೋಟಿ ದಾಟಿತು. ನಮ್ಮ ಮೇಜಿನ ಸುತ್ತ ಕೂರಲು ಎಷ್ಟು ಗುಮಾಸ್ತರು ಬೇಕಿತ್ತೋ! ಚೆಕ್ಕೂ ಸುಮ್ಮನೆ ಕೂತಿಲ್ಲ. ಈಗ ಅದರ ಚಿತ್ರ ಮಾತ್ರ ಪ್ರಯಾಣ ಮಾಡುತ್ತದೆ, 2025ರ ಅಕ್ಟೋಬರ್ 4ರಿಂದ ದಿನವಿಡೀ ಕ್ಲಿಯರಿಂಗ್. ನನ್ನ ಸೈಕಲ್ಲು ಗುಜರಿ ಸೇರಿ ಬಹಳ ಕಾಲವಾಯಿತು.

ಐಎಫ್‌ಎಸ್‌ಸಿಯ ಪಾಠ ಮಾತ್ರ ನನಗೆ ಸ್ವಲ್ಪ ಸಂಕಟದ್ದು. ಹನ್ನೊಂದು ಅಕ್ಷರ. ಮೊದಲ ನಾಲ್ಕು ಬ್ಯಾಂಕಿನದು, ಐದನೆಯದು ಸೊನ್ನೆ, ಉಳಿದ ಆರು ಶಾಖೆಯದು. ಆ ಮೊದಲ ನಾಲ್ಕರಲ್ಲಿ ನಮ್ಮ ಕಡೆಯ ಎಷ್ಟು ಹೆಸರುಗಳು ಅಳಿಸಿಹೋದವು ನೋಡಿ. 2017ರಲ್ಲಿ ಮೈಸೂರು ಬ್ಯಾಂಕು, 2019ರಲ್ಲಿ ವಿಜಯಾ, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್. ಮೊಮ್ಮಗಳಿಗೆ ಇದು "ವಿಲೀನಗಳು" ಎಂಬ ಒಂದು ಪುಟ.

ಇನ್ನು ಹೇಳಬೇಕಾದದ್ದನ್ನು ಬರೆಯಲೋ ಬೇಡವೋ ಎಂದು ನಾಲ್ಕು ದಿನ ಯೋಚಿಸಿದೆ.

ಮೊನ್ನೆ ನೋಟ್‌ಬುಕ್ಕಿನಿಂದ ಕೇಳುತ್ತಾ ಒಂದು ಸಾಲಿಗೆ ಬಂದೆ. 2025ರ ಅಕ್ಟೋಬರ್ 1ರಿಂದ ವ್ಯಕ್ತಿಗಳ ನಡುವಿನ ಹಣ ಕೋರಿಕೆ ಸ್ಥಗಿತ. ಇನ್ನೊಬ್ಬರ ಫೋನಿಗೆ "ಇಷ್ಟು ಕೊಡಿ" ಎಂದು ಕೋರಿಕೆ ಕಳಿಸುವ ಸೌಕರ್ಯ ಯುಪಿಐಯಲ್ಲಿತ್ತು. ಅದನ್ನು ಎನ್‌ಪಿಸಿಐ ನಿಲ್ಲಿಸಿತು, ವ್ಯಾಪಾರಿಗಳದ್ದು ಮಾತ್ರ ಉಳಿಯಿತು. "ಯಾಕೆ ನಿಲ್ಲಿಸಿದರು?" ಎಂದು ಕೇಳಿದೆ. "ವಂಚನೆ ತಡೆಯೋಕೆ" ಎಂದಳು. ಪುಸ್ತಕದಲ್ಲಿ ಅಷ್ಟೇ ಇತ್ತು.

"ಆ ವಂಚನೆಗೆ ಸಿಕ್ಕವನು ನಾನೇ" ಎಂದೆ.

ಎರಡು ವರ್ಷದ ಹಿಂದೆ ನಮ್ಮ ಹಳೆಯ ಬೀಟೆ ಮರದ ಮೇಜನ್ನು ಮಾರೋಣವೆಂದು ಫೋನಿನಲ್ಲಿ ಜಾಹೀರಾತು ಹಾಕಿದ್ದೆ. ಒಬ್ಬ ಕರೆ ಮಾಡಿದ. ಚೌಕಾಸಿ ಮಾಡಲೇ ಇಲ್ಲ. ಅಲ್ಲೇ ಅನುಮಾನ ಬರಬೇಕಿತ್ತು. ಮುಂಗಡ ಐದು ಸಾವಿರ ಈಗಲೇ ಕಳಿಸುತ್ತೇನೆ, ಪರದೆಯ ಮೇಲೆ ಬಂದದ್ದಕ್ಕೆ ಒಪ್ಪಿಗೆ ಕೊಟ್ಟು ಪಿನ್ ಒತ್ತಿ, ದುಡ್ಡು ನಿಮಗೆ ಬಂದು ಬೀಳುತ್ತದೆ ಎಂದ. ಒತ್ತಿದೆ. ಐದು ಸಾವಿರ ಹೋಯಿತು. ಜಮಾ ಮಾಡಲು ಗ್ರಾಹಕರ ಸಹಿ ಬೇಡ, ಖರ್ಚು ಹಾಕಲು ಮಾತ್ರ ಸಹಿ ಬೇಕು. ಕೌಂಟರಿನಲ್ಲಿ ಸಾವಿರಾರು ಸಹಿಗಳನ್ನು ಹೋಲಿಸಿ ನೋಡಿದವನು ನಾನು. ಪಿನ್ ಎಂದರೆ ಅದೇ ಸಹಿ. ದುಡ್ಡು ಪಡೆಯಲು ಎಂದಿಗೂ ಪಿನ್ ಬೇಡ. ಆ ಹೊತ್ತಿಗೆ ಅದೇ ಹೊಳೆಯಲಿಲ್ಲ.

ಕೂಡಲೇ 1930ಕ್ಕೆ ಕರೆ ಮಾಡಬೇಕಿತ್ತು. ಸೈಬರ್ ವಂಚನೆಗೆಂದೇ ಇರುವ ಸಹಾಯವಾಣಿ ಅದು. ಬೇಗ ತಿಳಿಸಿದರೆ ದುಡ್ಡು ಮುಂದಿನ ಖಾತೆಗೆ ಜಾರುವ ಮೊದಲೇ ತಡೆಯುವ ಸಾಧ್ಯತೆ ಇರುತ್ತದೆ. ನಾನು ಮಾಡಲಿಲ್ಲ, ನಾಚಿಕೆಯಾಯಿತು. ಬ್ಯಾಂಕಿನವನಾಗಿ ಹೀಗಾಯಿತು ಎಂದು ಯಾರ ಮುಂದೆ ಹೇಳಲಿ? ಮನೆಯಲ್ಲಿ, ಮೇಜನ್ನು ಮಾರಲು ಮನಸ್ಸು ಬರಲಿಲ್ಲ ಎಂದೆ. ನಮ್ಮವಳು ನಂಬಿದಳು. ಈಗ ಅದೇ ಮೇಜಿನ ಮೇಲೆ ಮೊಮ್ಮಗಳು ಓದುತ್ತಿದ್ದಾಳೆ.

ಕೇಳಿ ಅವಳು ನಗಲಿಲ್ಲ. "ಅಜ್ಜಿಗೆ ಹೇಳ್ಲಾ?" ಎಂದು ಮಾತ್ರ ಕೇಳಿದಳು. ನಾನೇ ಹೇಳುತ್ತೇನೆ ಎಂದೆ. ಹೇಳಿದೆ ಕೂಡ. ಅದರ ವಿವರ ಇಲ್ಲಿ ಬೇಡ.

ಇನ್ನೊಂದು ಪುಟದಲ್ಲಿ ಪುಟ್ಟಸ್ವಾಮಿ ತೀರ್ಪು ಎಂದಿತ್ತು. ಒಂಬತ್ತು ನ್ಯಾಯಮೂರ್ತಿಗಳ ಪೀಠ, 2017ರ ಆಗಸ್ಟ್ 24, ಖಾಸಗಿತನ ಮೂಲಭೂತ ಹಕ್ಕು. ಈ ಪುಟ್ಟಸ್ವಾಮಿ ಯಾರೆಂದು ಕೇಳಿದರೆ ಅವಳಿಗೆ ಗೊತ್ತಿರಲಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದಾಗ ಅವರಿಗೆ 86 ವಯಸ್ಸು. ಆಧಾರ್ ಪ್ರಾಧಿಕಾರದ ಮೊದಲ ಅಧ್ಯಕ್ಷ ನಂದನ್ ನಿಲೇಕಣಿ ಬೆಂಗಳೂರಿನವರು, ಪ್ರಶ್ನೆ ಮಾಡಿದವರೂ ನಮ್ಮ ರಾಜ್ಯದವರೇ. ಆ ತೀರ್ಪಿನ ಬೆನ್ನಿಗೇ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಅದರ ನಿಯಮಗಳು ಹೊರಬಿದ್ದದ್ದು 2025ರ ನವೆಂಬರಿನಲ್ಲಿ. ಮೂರು ಬೇರೆ ಬೇರೆ ಪುಟಗಳಲ್ಲಿದ್ದದ್ದನ್ನು ಅವಳು ಬಾಣದ ಗುರುತು ಹಾಕಿ ಜೋಡಿಸಿಕೊಂಡಳು. "86ನೇ ವಯಸ್ಸಲ್ಲಿ ಕೋರ್ಟಿಗೆ ಹೋದರು, ನೀವು 1930ಕ್ಕೆ ಫೋನ್ ಮಾಡೋಕೆ ನಾಚಿಕೊಂಡ್ರಿ" ಎಂದು ಚುಚ್ಚಿದಳು. ಚುಚ್ಚಲಿ.

ಪರೀಕ್ಷೆಗೆ ಇನ್ನು ಮೂರು ವಾರವಿದೆ. ಈಗ ಕೇಳುವವಳು ಅವಳು, ತಡವರಿಸುವವನು ನಾನು. ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಕೇಳಿದಳು: "ತಾತ, 2020ರ ಜನವರಿಯಿಂದ ಯುಪಿಐಗೆ ಅಂಗಡಿಯವರ ಹತ್ತಿರ ಶುಲ್ಕ ತಗೊಳ್ಳೋ ಹಾಗಿಲ್ಲ. ಹಾಗಾದ್ರೆ ಈ ಸರ್ವರು, ಕೇಬಲ್ಲು, ಕರೆಂಟು, ಇದಕ್ಕೆಲ್ಲ ದುಡ್ಡು ಯಾರು ಕೊಡ್ತಾರೆ?" ಸಣ್ಣ ವ್ಯಾಪಾರಿಗಳ 2,000 ರೂಪಾಯಿವರೆಗಿನ ವಹಿವಾಟಿಗೆ ಸರ್ಕಾರ ಬ್ಯಾಂಕುಗಳಿಗೆ ಪ್ರೋತ್ಸಾಹಧನ ಕೊಡುತ್ತದೆ, 2024-25ಕ್ಕೆ ಅಂದಾಜು 1,500 ಕೋಟಿ ತೆಗೆದಿಟ್ಟಿತ್ತು ಎಂದೆ. "ಅಷ್ಟು ಸಾಕಾಗುತ್ತಾ?" ಎಂದಳು. ಸಾಲದು ಎಂದು ಬ್ಯಾಂಕುಗಳು ಗೊಣಗುತ್ತಿವೆ ಎಂದೆ. ಹಾಗಿದ್ದರೆ ದೊಡ್ಡ ಮಾಲ್‌ಗಳಿಂದಾದರೂ ಶುಲ್ಕ ತಗೊಳ್ಳಬಾರದೇ ಎಂದು ಅವಳು, ಇವತ್ತು ಮಾಲ್ ಅಂದವರು ನಾಳೆ ಹಾಲಿನವರ ಅಂಗಡಿಗೂ ಬರುತ್ತಾರೆ ಎಂದು ನಾನು. ಸಾರು ಆರಿಹೋಯಿತು. ನಮ್ಮವಳು ಅಡುಗೆಮನೆಯಿಂದಲೇ, "ಇಬ್ಬರೂ ಮೊದಲು ಊಟ ಮಾಡಿ, ಆಮೇಲೆ ಬ್ಯಾಂಕು ನಡೆಸುವಿರಂತೆ" ಎಂದು ಕೂಗಿದಳು.